ಯೆರೂಸಲೇಮಿನ ಯಾತ್ರೆಯೂ ಅದರ ಆಕ್ಷೇಪಕರೂ

ದೇವರು ಎಲ್ಲೆಲ್ಲಿಯೂ ಇರುವನಾದರೆ ಯೆರೂಸಲೇಮಿಗೆ ಹೋಗುವುದೇಕೆ? ಈ ಪ್ರಶ್ನೆಯನ್ನು ಕೇಳಿದೊಡನೆ ಕ್ರೈಸ್ತರ ತೀರ್ಥಯಾತ್ರೆಯ ಬುಡವೇ ಕಳಚಿಬಿದ್ದಿತೆಂದು ಭಾವಿಸುವ ವಿದ್ಯಾವಂತರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅವರ ವಾದಸರಣಿಯು ಸುಲಭವಾದುದು. ಕ್ರಿಸ್ತನ ಧರ್ಮವು ಹೃದಯದ ಧರ್ಮ. ಕ್ಷೇತ್ರ, ಸ್ಥಳಮಾಹಾತ್ಮ್ಯ, ಹರಕೆ, ಮೆರವಣಿಗೆ ಇವು ಹಳೆಯ ಮತಗಳ ಉಳಿಕೆಗಳು. ಕಾಲಾಂತರದಲ್ಲಿ ಹಿಂಬಾಗಿಲಿನಿಂದ ಒಳಹೊಕ್ಕವು. ಆದುದರಿಂದ ಯಾತ್ರಿಕನು ಅಜ್ಞನು, ಇಲ್ಲವೆ ವಂಚಿತನು. ಇಷ್ಟು ಹೇಳಿ ಅವರು ಕೈತೊಳೆದುಕೊಳ್ಳುವರು. ಇದರ ಜೊತೆಗೆ ಮತ್ತೊಂದು ಪಂಗಡದವರು, ಆ ಸ್ಥಳಗಳೆಲ್ಲವೂ ಕಲ್ಪಿತವೆಂದೂ, ಮೂರನೆಯವರು, ಆ ಸ್ಥಳಗಳಿಗಾಗಿ ಹರಿದ ರಕ್ತವೇ ಯಾತ್ರೆಯ ಫಲವೆಂದೂ ಆಕ್ಷೇಪಿಸುವರು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಬಳಿಕ ಖಂಡಿಸುವುದು ಶಾಸ್ತ್ರಮರ್ಯಾದೆಯಲ್ಲ. ಈ ಮೂರು ಆಕ್ಷೇಪಗಳಲ್ಲಿಯೂ ಬಲವಿದೆ. ಕಡೆಯದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದೆ.

ಮೊದಲನೆಯ ಆಕ್ಷೇಪಕ್ಕೆ ಆಧಾರವು ಕ್ರೈಸ್ತರ ಗ್ರಂಥದಲ್ಲಿಯೇ ಇದೆ. ಸಮಾರ್ಯದ ಬಾವಿಯ ಬಳಿ ನೀರು ಸೇದಲು ಬಂದ ಹೆಂಗಸು, ಆರಾಧನೆಗೆ ತಕ್ಕ ಸ್ಥಳವು ಈ ಬೆಟ್ಟವೋ ಯೆರೂಸಲೇಮೋ ಎಂದು ಕೇಳಿದಾಗ, ಎರಡೂ ಅಲ್ಲದ ಕಾಲವು ಬರುವುದೆಂದೂ ನಿಜವಾದ ಆರಾಧನೆಯು ಆತ್ಮದಲ್ಲಿ ನಡೆಯುವುದೆಂದೂ ಯೇಸು ಉತ್ತರಕೊಟ್ಟನೆಂಬುದು ಯೋಹಾನನ ಸುವಾರ್ತೆಯ ಕಥೆ. ಯಾತ್ರೆಯನ್ನು ನಿಷೇಧಿಸಲು ಇದಕ್ಕಿಂತ ಸ್ಪಷ್ಟವಾದ ವಾಕ್ಯವು ಬೇಕೆ ಎಂದು ಆಕ್ಷೇಪಕರು ಕೇಳುವರು. ಆದರೆ ಆ ಬಾವಿಯು ಏನಾಯಿತೆಂಬುದನ್ನು ಅವರು ವಿಚಾರಿಸುವುದಿಲ್ಲ. ಅದು ನಾಬ್ಲುಸ್ ಪಟ್ಟಣದ ಅಂಚಿನಲ್ಲಿ ಇಂದಿಗೂ ಇದೆ. ನಾಲ್ಕನೆಯ ಶತಮಾನದ ಯಾತ್ರಿಕರೇ ಅದನ್ನು ಕಂಡು ಬರೆದಿದ್ದಾರೆ. ಅದರ ಮೇಲೆ ಗ್ರೀಕ್ ಪಂಥದವರ ದೊಡ್ಡದೊಂದು ದೇವಾಲಯವು ನಿಂತಿದೆ. ಸ್ಥಳವು ಮುಖ್ಯವಲ್ಲವೆಂಬ ಮಾತನ್ನು ಕೇಳಿದವರು, ಆ ಮಾತು ಹುಟ್ಟಿದ ಸ್ಥಳವನ್ನು ನೋಡಬೇಕೆಂದು ಹಂಬಲಿಸಿದರು! ಇದನ್ನು ಕಂಡು ನಗುವವರು ನಗಬಹುದು. ಆದರೆ ಮನುಷ್ಯನ ಸ್ವಭಾವವನ್ನು ಬಲ್ಲವರಿಗೆ ಇದು ನಗೆಯ ವಿಷಯವಲ್ಲ. ಮಾತು ಎಷ್ಟು ಪ್ರಿಯವಾದುದೋ ಅದನ್ನು ಆಡಿದ ನೆಲವೂ ಅಷ್ಟೇ ಪ್ರಿಯವಾಗುವುದು.

ಆಕ್ಷೇಪಕರು ಕರೆತರುವ ಮುಖ್ಯ ಸಾಕ್ಷಿಯು ನಿಸ್ಸಾದ ಬಿಷಪ್ಪನಾದ ಗ್ರೆಗೊರಿ. ಈಗಿನ ತುರ್ಕಿಯ ಭಾಗವಾದ ಕಪ್ಪಡೋಕಿಯದಲ್ಲಿ ನಾಲ್ಕನೆಯ ಶತಮಾನದಲ್ಲಿ ಬಾಳಿದ ಈ ಮಹಾಪಂಡಿತನು ಸಭಾಕಾರ್ಯಕ್ಕಾಗಿ ಯೆರೂಸಲೇಮಿಗೆ ಹೋಗಿಬಂದು, ಯಾತ್ರೆಯು ಅನಾವಶ್ಯಕವೆಂದು ಒಂದು ಪತ್ರವನ್ನು ಬರೆದನು. ಆ ಪುಣ್ಯಭೂಮಿಯಲ್ಲಿ ಕೃಪೆಯು ಹೆಚ್ಚಾಗಿದ್ದರೆ ಅಲ್ಲಿಯ ನಿವಾಸಿಗಳಲ್ಲಿ ಪಾಪವು ಇಷ್ಟು ಹೆಚ್ಚಾಗಿರುತ್ತಿರಲಿಲ್ಲವೆಂಬುದು ಅವನ ತರ್ಕ. ನೋಡುವುದಕ್ಕೆ ಮುಂಚೆಯೂ ತಾನು ನಂಬಿದ್ದೆನು, ನೋಡಿದ ಮೇಲೆ ನಂಬಿಕೆಯು ಹೆಚ್ಚಲೂ ಇಲ್ಲ ಕುಗ್ಗಲೂ ಇಲ್ಲವೆಂಬುದು ಅವನ ಅನುಭವ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಯೂರೋಪಿನ ಸುಧಾರಕರು ಈ ಪತ್ರವನ್ನು ಹಿಡಿದು ರೋಮಿನ ಪಕ್ಷದವರೊಡನೆ ಬಹಳ ಕಾದಾಡಿದರು. ಪತ್ರವು ಅವನದೇ ಎಂಬುದರಲ್ಲಿ ಈಗ ಸಂಶಯವಿಲ್ಲ. ಆದರೆ ಅದೇ ಗ್ರೆಗೊರಿಯು ಮೂವರು ಧರ್ಮನಿಷ್ಠ ಸ್ತ್ರೀಯರಿಗೆ ಬರೆದ ಮತ್ತೊಂದು ಪತ್ರವೂ ಇದೆ. ಅದರಲ್ಲಿ, ಆ ಸ್ಥಳಗಳಲ್ಲಿ ಪ್ರಭುವಿನ ಕರುಣೆಯ ಗುರುತುಗಳನ್ನು ಕಂಡು ತನಗೆ ಎಷ್ಟು ಸಂತೋಷವಾಯಿತೆಂಬುದನ್ನು ಅವನು ಮುಚ್ಚಿಟ್ಟಿಲ್ಲ. ಒಂದು ಪತ್ರವನ್ನು ಶಿರಸಾವಹಿಸಿ ಇನ್ನೊಂದನ್ನು ಕಡೆಗಣಿಸುವುದಕ್ಕೆ ಅರ್ಧಜರತೀಯವೆಂಬ ಹೆಸರಿದೆ. ಅಲ್ಲದೆ ಒಂದು ಚಿಕ್ಕ ಸಂಗತಿಯನ್ನೂ ವಾಚಕರು ಗಮನಿಸಬೇಕು. ಗ್ರೆಗೊರಿಯು ಹೋದುದು ಚಕ್ರವರ್ತಿಯ ಅಪ್ಪಣೆಯಿಂದ ದೊರೆತ ಸರಕಾರದ ಗಾಡಿಯಲ್ಲಿ. ಗಾಡಿಯೇ ತಮಗೆ ದೇವಾಲಯವೂ ಮಠವೂ ಆಗಿದ್ದಿತೆಂದು ಅವನೇ ಹೇಳಿಕೊಂಡಿದ್ದಾನೆ. ಗಾಡಿಯಿಂದ ಇಳಿಯದೆ ಹೋದವನಿಗೆ ದಾರಿಯು ಏನನ್ನು ತಾನೆ ಕಲಿಸೀತು?

ಎರಡನೆಯ ಸಾಕ್ಷಿ ಜೆರೋಮ್. ಸ್ವರ್ಗದ ಬಾಗಿಲು ಯೆರೂಸಲೇಮಿನಿಂದ ಎಷ್ಟು ದೂರವೋ ಬ್ರಿಟನ್ನಿನಿಂದಲೂ ಅಷ್ಟೇ ದೂರವೆಂಬ ಭಾವವನ್ನು ಅವನು ಪೌಲೀನನೆಂಬ ಮಿತ್ರನಿಗೆ ಬರೆದನೆಂಬುದು ಸತ್ಯ. ಆದರೆ ಎಲ್ಲಿ ಕುಳಿತು ಬರೆದನು? ಬೇತ್ಲೆಹೇಮಿನಲ್ಲಿ! ಕ್ರಿ. ಶ. ೩೮೬ರಲ್ಲಿ ಅಲ್ಲಿ ನೆಲೆಸಿದವನು ಸುಮಾರು ೪೨೦ರಲ್ಲಿ ಮರಣಹೊಂದುವವರೆಗೆ ಆ ಊರನ್ನು ಬಿಡಲಿಲ್ಲ. ಅವನ ಶಿಷ್ಯೆಯಾದ ಪೌಲಾ ಎಂಬ ರೋಮನ್ ಶ್ರೀಮಂತ ವಿಧವೆಯು ತನ್ನ ಐಶ್ವರ್ಯವನ್ನೆಲ್ಲ ಸುರಿದು ಅಲ್ಲಿ ಮಠಗಳನ್ನೂ ಯಾತ್ರಿಕರಿಗೆ ಛತ್ರವನ್ನೂ ಕಟ್ಟಿಸಿದಳು. ಯೋಸೇಫನೂ ಮರಿಯಳೂ ಪುನಃ ಈ ಊರಿಗೆ ಬಂದರೆ ಈ ಸಲವಾದರೂ ತಂಗಲು ಸ್ಥಳವಿರಲೆಂಬುದು ಅವರ ಆಶಯವಾಗಿದ್ದಿತು. ನದಿಯ ದಡದಲ್ಲಿ ಮನೆ ಕಟ್ಟಿಕೊಂಡು, ನೀರು ಎಲ್ಲ ಕಡೆಯೂ ಒಂದೇ ಎಂದು ಹೇಳುವವನ ಮಾತನ್ನು ಹೇಗೆ ತಿಳಿಯಬೇಕೆಂಬುದನ್ನು ವಿವೇಕಿಗಳೇ ನಿರ್ಧರಿಸಲಿ.

ಹಾಗಾದರೆ ಸರ್ವವ್ಯಾಪಿತ್ವದ ಪ್ರಶ್ನೆಗೆ ಉತ್ತರವೇನು? ಚಂದ್ರನನ್ನು ಮಗುವಿಗೆ ತೋರಿಸುವವನು ಮೊದಲು ಮರದ ಕೊಂಬೆಯನ್ನು ತೋರಿಸುತ್ತಾನೆ. ಕೊಂಬೆಯು ಚಂದ್ರನಲ್ಲ, ಚಂದ್ರನು ಕೊಂಬೆಯ ಮೇಲೆ ಕುಳಿತೂ ಇಲ್ಲ. ಆದರೂ ಕೊಂಬೆಯಿಲ್ಲದೆ ಮಗುವಿನ ಕಣ್ಣು ಆಕಾಶದಲ್ಲಿ ಅಲೆಯುವುದು. ಇದು ಶಾಖಾಚಂದ್ರನ್ಯಾಯ. ಕ್ರೈಸ್ತರ ಮತಕ್ಕಂತೂ ಇದು ವಿಶೇಷವಾಗಿ ಸಲ್ಲುವುದು. ಏಕೆಂದರೆ ಅವರ ದೇವರು ಕೇವಲ ತತ್ತ್ವವಲ್ಲ. ಒಂದು ರಾಜ್ಯದಲ್ಲಿ, ಪೊಂತಿಯ ಪಿಲಾತನೆಂಬ ಒಬ್ಬ ಅಧಿಕಾರಿಯ ಕಾಲದಲ್ಲಿ, ಒಂದು ಊರಿನ ಹೊರಗೆ ಶಿಲುಬೆಯ ಮೇಲೆ ಸತ್ತವನು. ಆ ಅಧಿಕಾರಿಯ ಹೆಸರನ್ನು ಅವರು ತಮ್ಮ ವಿಶ್ವಾಸಪ್ರಮಾಣದಲ್ಲಿ ಸೇರಿಸಿಕೊಂಡು ಆರಾಧನೆಯಲ್ಲಿ ಉಚ್ಚರಿಸುತ್ತಾರೆ. ಕಾಲವನ್ನು ಹೀಗೆ ಹೆಸರಿಟ್ಟು ಹೇಳುವ ಮತವು ದೇಶವನ್ನು ಮಾತ್ರ ಮರೆಯಬೇಕೆಂದು ವಿಧಿಸುವುದು ಯಾವ ತರ್ಕ?

ಕ್ರಿ. ಶ. ೩೮೧ರಿಂದ ೩೮೪ರವರೆಗೆ ಯೆರೂಸಲೇಮಿನಲ್ಲಿಯೂ ಅದರ ಸುತ್ತಣ ದೇಶಗಳಲ್ಲಿಯೂ ಸಂಚರಿಸಿದ ಎಗೇರಿಯಾ ಎಂಬ ಹೆಂಗಸಿನ ಬರವಣಿಗೆಯು ಒಂದು ಹಳೆಯ ಹಸ್ತಪ್ರತಿಯಲ್ಲಿ ಅಡಗಿದ್ದು ೧೮೮೪ರಲ್ಲಿ ಇಟಲಿಯ ಅರೆಜ್ಜೊ ಪಟ್ಟಣದಲ್ಲಿ ದೊರೆಯಿತು. ಪಶ್ಚಿಮ ಯೂರೋಪಿನ ಕೊನೆಯಿಂದ ಬಂದವಳು. ಅವಳು ತರ್ಕಮಾಡುವುದಿಲ್ಲ, ಕಂಡುದನ್ನು ತನ್ನ ಊರಿನ ಸೋದರಿಯರಿಗೆ ಹೇಳುತ್ತಾಳೆ. ಪವಿತ್ರ ವಾರದ ರಾತ್ರಿ ಎಣ್ಣೆಮರಗಳ ಗುಡ್ಡದಿಂದ ಜನರು ಹಾಡುತ್ತ ಇಳಿಯುವರು, ಉಪವಾಸದಿಂದಲೂ ಜಾಗರಣೆಯಿಂದಲೂ ಬಳಲಿದ್ದಾರೆ, ಚಿಕ್ಕ ಮಕ್ಕಳೂ ಜೊತೆಯಲ್ಲಿದ್ದಾರೆ, ಗುಡ್ಡವು ಕಡಿದಾದುದು, ಆದುದರಿಂದ ಮೆಲ್ಲಮೆಲ್ಲನೆ ನಡೆಯುವರು, ಇನ್ನೂರಕ್ಕೂ ಹೆಚ್ಚು ದೀಪಗಳು ಅವರಿಗೆ ಬೆಳಕು. ಗೆತ್ಸೇಮನೆಯಲ್ಲಿ ಯೇಸುವನ್ನು ಹಿಡಿದ ಭಾಗವನ್ನು ಓದುವಾಗ ಎದ್ದ ಗೋಳು ಊರಿನವರೆಗೂ ಕೇಳಿಸುವಂತಿದ್ದಿತೆಂದು ಬರೆಯುತ್ತಾಳೆ. ಬಿಷಪ್ಪನು ಗ್ರೀಕಿನಲ್ಲಿ ಮಾತನಾಡುವನು. ಒಬ್ಬ ಪಾದ್ರಿಯು ಅದನ್ನು ಸಿರಿಯ ಭಾಷೆಯಲ್ಲಿ ಹೇಳುವನು. ಎರಡೂ ಬಾರದ ಲ್ಯಾಟಿನ್ ಜನರಿಗೆ ಬಲ್ಲ ಸೋದರರು ಅರ್ಥಹೇಳುವರು. ಶಿಲುಬೆಯ ಕಟ್ಟಿಗೆಯನ್ನು ಮುದ್ದಿಡಲು ಬಂದ ಯಾವನೋ ಒಬ್ಬನು ಹಿಂದೊಮ್ಮೆ ಅದರ ಚೂರನ್ನು ಹಲ್ಲಿನಿಂದ ಕಚ್ಚಿಕೊಂಡು ಹೋದನೆಂದೂ, ಅಂದಿನಿಂದ ಸೇವಕರು ಸುತ್ತಲೂ ನಿಂತು ಕಾಯುವರೆಂದೂ ಕೇಳಿದುದನ್ನು ಅವಳು ಮರೆಮಾಚದೆ ಬರೆದಿದ್ದಾಳೆ. ಭಕ್ತಿಯೂ ಭಕ್ತಿಯ ಹುಚ್ಚೂ ಅಂದಿನಿಂದಲೇ ಜೊತೆಜೊತೆಯಾಗಿದ್ದುವು.

ಸುಧಾರಕನಾದ ಲೂಥರನು ೧೫೨೦ರಲ್ಲಿ ಎತ್ತಿದ ಆಕ್ಷೇಪವು ಗ್ರೆಗೊರಿಯದಕ್ಕಿಂತ ಗಟ್ಟಿಯಾದುದು. ಹೆಂಡತಿಮಕ್ಕಳನ್ನೂ ನೆರೆಯವರನ್ನೂ ಸಂಕಟದಲ್ಲಿ ಬಿಟ್ಟು ರೋಮಿಗೆ ಹೋಗಿ ಹಣವನ್ನು ಸುರಿಯುವುದು ಯಾವ ಧರ್ಮ ಎಂದು ಅವನು ಕೇಳಿದನು. ಸಾಲಮಾಡಿ ಯಾತ್ರೆ ಹೋಗುವವರನ್ನು ಕಂಡ ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಈ ಪ್ರಶ್ನೆಗೆ ಉತ್ತರವನ್ನು ಪಂಡಿತರಲ್ಲಿ ಹುಡುಕದೆ, ೧೯೧೪ಕ್ಕೆ ಹಿಂದಿನ ರಷ್ಯದ ರೈತರಲ್ಲಿ ಹುಡುಕಬೇಕು. ಆ ಕಾಲದಲ್ಲಿ ವರ್ಷವರ್ಷವೂ ಸಾವಿರಾರು ರೈತರು ಒಡೆಸ್ಸಾ ರೇವಿನಲ್ಲಿ ಹಡಗು ಹತ್ತಿ ಯಾಫಾದಲ್ಲಿ ಇಳಿದು ಯೆರೂಸಲೇಮಿಗೆ ಬರುತ್ತಿದ್ದರು. ೧೮೮೨ರಲ್ಲಿ ಸ್ಥಾಪಿತವಾದ ಪಾಲೆಸ್ತೀನ್ ಸಂಘವು ಅವರಿಗೆ ಅಗ್ಗದ ಚೀಟಿಯನ್ನೂ ತಂಗುವ ಎಡೆಯನ್ನೂ ಒದಗಿಸುತ್ತಿದ್ದಿತು. ಸ್ಟೀಫನ್ ಗ್ರಹಾಮ್ ಎಂಬ ಇಂಗ್ಲಿಷ್ ಗ್ರಂಥಕರ್ತನು ೧೯೧೨ರಲ್ಲಿ ಅವರಂತೆಯೇ ಉಡುಪು ಧರಿಸಿ ಅವರ ಹಡಗಿನಲ್ಲಿಯೇ ಪಯಣಿಸಿ ಅವರ ವೃತ್ತಾಂತವನ್ನು ಬರೆದನು. ಅವರಲ್ಲಿ ಬಹುಮಂದಿ ಮುದುಕರು. ದುಡಿಮೆ ಮುಗಿದಿದೆ. ಕರಿಯ ರೊಟ್ಟಿಯನ್ನು ಒಣಗಿಸಿ ಚೀಲದಲ್ಲಿ ತುಂಬಿಕೊಂಡಿದ್ದಾರೆ. ಹಡಗಿನ ತಳದಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ಬಿರುಗಾಳಿಯೆದ್ದರೆ ಪ್ರಾರ್ಥನೆಯಲ್ಲದೆ ಬೇರೆ ಔಷಧವಿಲ್ಲ. ಯೆರೂಸಲೇಮಿನಿಂದ ಯೊರ್ದನ್ ಹೊಳೆಗೆ ನಡೆದೇ ಹೋಗುವರು. ಕೆಲವರು ನಜರೇತಿಗೂ ನಡೆಯುವರು. ಹೊಳೆಯಲ್ಲಿ ಅವರು ಮುಳುಗುವುದು ಬಿಳಿಯ ಅಂಗಿಯನ್ನು ತೊಟ್ಟು. ಆ ಅಂಗಿಯನ್ನು ಮತ್ತೆ ತೊಡುವುದಿಲ್ಲ. ಒಣಗಿಸಿ, ಮಡಿಸಿ, ಸಾವಿರಾರು ಮೈಲಿ ದೂರದ ತಮ್ಮ ಹಳ್ಳಿಗೆ ಕೊಂಡೊಯ್ದು ಪೆಟ್ಟಿಗೆಯಲ್ಲಿ ಇಡುವರು. ತಾವು ಸತ್ತಾಗ ತಮಗೆ ತೊಡಿಸುವುದು ಅದನ್ನೇ.

ಇವರಿಗೆ ದೇವರು ಸರ್ವವ್ಯಾಪಿಯೆಂಬುದು ತಿಳಿಯದೆ ಇದ್ದಿತೆ? ಮನೆಯ ಮೂಲೆಯಲ್ಲಿ ದೀಪವುರಿಸಿ ದಿನವೂ ಕೈಮುಗಿದವರು ಅವರು. ತಿಳಿದಿದ್ದಿತು. ಆದರೆ ಸಾವಿಗೆ ಸಿದ್ಧನಾಗುವುದು ಹೇಗೆಂಬುದನ್ನು ಯಾವ ಪಂಡಿತನು ಆ ಅಕ್ಷರವಿಲ್ಲದ ಮುದುಕನಿಗೆ ಹೇಳಿಕೊಟ್ಟನು? ಅವನು ತನ್ನ ಕಾಲಿನಿಂದ ಅದನ್ನು ಕಲಿತನು. ಮಹಾಯುದ್ಧವೂ ೧೯೧೭ರ ಕ್ರಾಂತಿಯೂ ಆ ಪ್ರವಾಹವನ್ನು ಕಡಿದುಹಾಕಿದುವು.

ಸ್ಥಳಗಳು ಕಲ್ಪಿತವೆಂಬ ಆಕ್ಷೇಪಕ್ಕೆ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. ಯೇಸುವಿನ ಸಮಾಧಿಯೆಂದು ಪೂಜಿತವಾಗಿರುವ ಸ್ಥಳವು ಈಗಣ ಪಟ್ಟಣದ ಗೋಡೆಯ ಒಳಗಿದೆ. ಶಿಲುಬೆಯಾದರೋ ಊರ ಹೊರಗೆ ನಡೆದುದು. ಆದುದರಿಂದ ಇದು ಸುಳ್ಳೆಂದು ಹತ್ತೊಂಬತ್ತನೆಯ ಶತಮಾನದ ಯೂರೋಪಿಯನರು ಸಾಧಿಸಿದರು. ೧೮೮೩ರಲ್ಲಿ ಜನರಲ್ ಗಾರ್ಡನ್ ಎಂಬ ಪ್ರಸಿದ್ಧ ಸೇನಾಪತಿಯು ಗೋಡೆಯಾಚೆಯ ಒಂದು ದಿಬ್ಬವನ್ನು ನೋಡಿ, ಅದು ತಲೆಬುರುಡೆಯನ್ನು ಹೋಲುವುದೆಂದು ಗೊಲ್ಗೊಥಾ ಎಂಬ ಹೆಸರಿಗೆ ಹೊಂದಿಸಿದನು. ಅದರ ಬಳಿಯ ತೋಟದ ಸಮಾಧಿಯೇ ನಿಜವಾದುದೆಂದು ಎಷ್ಟೋ ಜನರು ನಂಬಿದರು. ಈಚಿನ ಪರೀಕ್ಷೆಯಿಂದ ಏನಾಯಿತು? ಹಳೆಯ ದೇವಾಲಯದ ಸ್ಥಳವನ್ನು ಗೋಡೆಯು ಸುತ್ತುವರಿದುದು ಕ್ರಿ. ಶ. ೪೧ರಿಂದ ೪೪ರವರೆಗೆ ಆಳಿದ ಅಗ್ರಿಪ್ಪ ರಾಜನ ಕಾಲದಲ್ಲಿ. ಯೇಸುವಿನ ಕಾಲದಲ್ಲಿ ಅದು ಊರ ಹೊರಗಣ ಕಲ್ಲಿನ ಗಣಿಯ ನೆಲ. ತೋಟದ ಸಮಾಧಿಯಾದರೋ ಯೇಸುವಿಗಿಂತ ಆರೇಳು ಶತಮಾನ ಹಿಂದೆ ಕೊರೆದುದೆಂದು ಪುರಾತತ್ತ್ವಜ್ಞರು ನಿರ್ಣಯಿಸಿದರು. ೨೦೧೬ರ ಅಕ್ಟೋಬರದಲ್ಲಿ ಹಳೆಯ ಸಮಾಧಿಯ ಮೇಲಣ ಅಮೃತಶಿಲೆಯ ಚಪ್ಪಡಿಯನ್ನು ಸರಿಸಿ ನೋಡಿದಾಗ, ಒಳಗಣ ಗಾರೆಯು ಕ್ರಿ. ಶ. ೩೪೫ರ ಸುಮಾರಿನದು, ಎಂದರೆ ಕಾನ್‌ಸ್ಟಂಟೈನ್ ಚಕ್ರವರ್ತಿಯ ವಂಶದ ಕಾಲದ್ದು, ಎಂದು ತೋರಿತು. ಆ ಬಂಡೆಯಲ್ಲಿ ಮಲಗಿಸಿದುದು ಯೇಸುವನ್ನೇ ಎಂಬುದನ್ನು ಯಾವ ಗಾರೆಯೂ ಸಾಧಿಸಲಾರದು. ಆದರೆ ಮುದುಕಿಯರ ಪರಂಪರೆಯನ್ನು ಅಂಧಪರಂಪರೆಯೆಂದು ಹಳಿದವರು ದಿಬ್ಬದ ಆಕಾರಕ್ಕೆ ಮರುಳಾದರು. ಅಷ್ಟು ಸಾಕು. ಆ ತೋಟವು ಈಗಲೂ ಇದೆ, ಶಾಂತವಾದ ಸ್ಥಳ, ಅಲ್ಲಿ ಕುಳಿತು ಪ್ರಾರ್ಥಿಸುವವರನ್ನು ಹಾಸ್ಯಮಾಡುವುದೂ ತರವಲ್ಲ.

ಇನ್ನು ರಕ್ತದ ಮಾತು. ಇಲ್ಲಿ ಯಾತ್ರೆಯ ಪಕ್ಷದವರು ತಲೆ ತಗ್ಗಿಸಬೇಕು. ೧೦೯೯ರ ಜುಲೈ ೧೫ರಂದು ಯೆರೂಸಲೇಮನ್ನು ಹೊಕ್ಕು ಮುಸಲ್ಮಾನರನ್ನೂ ಯೆಹೂದಿಗಳನ್ನೂ ಕೊಂದ ಸೈನಿಕರು ತಮ್ಮನ್ನು ಯಾತ್ರಿಕರೆಂದೇ ಕರೆದುಕೊಂಡಿದ್ದರು. ಯಾತ್ರಿಕನ ವ್ರತವನ್ನೇ ತೊಟ್ಟಿದ್ದರು. ಕೊಲೆ ಮುಗಿದ ಮೇಲೆ ಸಮಾಧಿಯ ಮುಂದೆ ಅತ್ತರು. ಬೇತ್ಲೆಹೇಮಿನ ಗುಹೆಯಲ್ಲಿದ್ದ ಬೆಳ್ಳಿಯ ನಕ್ಷತ್ರವು ೧೮೪೭ರಲ್ಲಿ ಕಳುವಾದುದೂ, ಬಾಗಿಲಿನ ಬೀಗದ ಕೈ ಯಾರಲ್ಲಿರಬೇಕೆಂಬ ಜಗಳವೂ ಬೆಳೆದು, ೧೮೫೩ರಲ್ಲಿ ಆರಂಭವಾದ ಕ್ರಿಮಿಯದ ಯುದ್ಧಕ್ಕೆ ಒಂದು ನೆವವಾಯಿತು. ೧೮೩೪ರಲ್ಲಿ ಪವಿತ್ರಾಗ್ನಿಯ ಉತ್ಸವದ ನೂಕುನುಗ್ಗಲಿನಲ್ಲಿ ದೇವಾಲಯದೊಳಗೇ ನೂರಾರು ಜನರು ತುಳಿತಕ್ಕೆ ಸಿಕ್ಕಿ ಸತ್ತರು. ಇನ್ನು ೨೦೦೨ರಲ್ಲಿ ಅದೇ ದೇವಾಲಯದ ಮಾಳಿಗೆಯ ಮೇಲೆ ಒಬ್ಬ ಕೊಪ್ಟ ಸಂನ್ಯಾಸಿಯು ಬಿಸಿಲು ತಾಳಲಾರದೆ ತನ್ನ ಕುರ್ಚಿಯನ್ನು ನೆರಳಿಗೆ ಸರಿಸಿದನು. ಆ ನೆರಳು ಇಥಿಯೋಪಿಯದವರದಂತೆ! ಹೊಡೆದಾಟವಾಗಿ ಹನ್ನೊಂದು ಮಂದಿ ಆಸ್ಪತ್ರೆ ಸೇರಿದರು. ಸರ್ವಸಂಗಪರಿತ್ಯಾಗಿಗಳಿಗೆ ನೆರಳಿನ ಸಂಗವು ಮಾತ್ರ ಬಿಡಲಿಲ್ಲ.

ಇದೆಲ್ಲವೂ ನಿಜ. ಆದರೆ ಇದು ಯಾತ್ರೆಯ ದೋಷವೋ, ಒಡೆತನದ ದೋಷವೋ? ಯಾತ್ರಿಕನಿಗೆ ಲ್ಯಾಟಿನ್ನಿನಲ್ಲಿರುವ ಹೆಸರು ಪೆರೆಗ್ರಿನುಸ್. ಅದರ ಮೂಲಾರ್ಥವು ಹೊರನಾಡಿನವನು, ಪರದೇಶಿ. ಕನ್ನಡದಲ್ಲಿ ಪರದೇಶಿಯೆಂದರೆ ಬೇರೆ ದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. ಆ ಎರಡು ಅರ್ಥಗಳೂ ಕೂಡಿದವನೇ ಯಾತ್ರಿಕ. ಅವನಿಗೆ ಆ ನೆಲದಲ್ಲಿ ಹಕ್ಕಿಲ್ಲ. ಅಲ್ಲಿಯವರ ನೀರು, ಅಲ್ಲಿಯವರ ನೆರಳು, ಅಲ್ಲಿಯವರ ದಯೆ ಇವನ್ನೇ ನಂಬಿ ಅವನು ಹೋಗತಕ್ಕವನು. ಕತ್ತಿಯನ್ನು ಹಿಡಿದ ಕ್ಷಣದಲ್ಲಿಯೇ ಅವನು ಪರದೇಶಿಯಾಗಿ ಉಳಿಯಲಿಲ್ಲ, ಯಾತ್ರಿಕನಾಗಿಯೂ ಉಳಿಯಲಿಲ್ಲ. ರಷ್ಯದ ಮುದುಕನ ಬಿಳಿಯ ಅಂಗಿಯನ್ನೂ ೧೦೯೯ರ ಸೈನಿಕನ ಕವಚವನ್ನೂ ಒಂದೇ ಮಾತಿನಿಂದ ಕರೆದು ಎರಡನ್ನೂ ಖಂಡಿಸುವವರು ಶಬ್ದಸಾಮ್ಯದಿಂದ ಮೋಸಹೋಗಿದ್ದಾರೆ.

ಆ ದೇವಾಲಯದ ಬಾಗಿಲೇ ಇದಕ್ಕೆ ಸಾಕ್ಷಿ. ಗ್ರೀಕರು, ಲ್ಯಾಟಿನರು, ಆರ್ಮೀನಿಯದವರು, ಕೊಪ್ಟರು, ಸಿರಿಯದವರು, ಇಥಿಯೋಪಿಯದವರು ಹೀಗೆ ಆರು ಪಂಥಗಳು ಅದರೊಳಗೆ ಇವೆ. ೧೮೫೨ರಲ್ಲಿ ತುರ್ಕಿಯ ಸುಲ್ತಾನನು ಹೊರಡಿಸಿದ ಶಾಸನದಂತೆ ಇದ್ದುದು ಇದ್ದಂತೆಯೇ ಇರಬೇಕು. ಕಿಟಕಿಯ ಕೆಳಗೆ ಹದಿನೆಂಟನೆಯ ಶತಮಾನದಿಂದ ಇರುವ ಒಂದು ಮರದ ಏಣಿಯನ್ನು ತೆಗೆಯಲು ಕೂಡ ಯಾರಿಗೂ ಅಧಿಕಾರವಿಲ್ಲ. ಬಾಗಿಲಿನ ಕೀಲಿಕೈಯಾದರೋ ಈ ಆರು ಪಂಥಗಳಲ್ಲಿ ಯಾರ ಕೈಯಲ್ಲಿಯೂ ಇಲ್ಲ. ತಲತಲಾಂತರದಿಂದ ಎರಡು ಮುಸಲ್ಮಾನ ಮನೆತನಗಳವರು ಅದನ್ನು ನಡೆಸಿಕೊಂಡು ಬಂದಿದ್ದಾರೆ: ಜೂದಾ ಮನೆತನದವರು ಕೀಲಿಕೈಯನ್ನು ಕಾಯುವರು, ನುಸೈಬಾ ಮನೆತನದವರು ಬಾಗಿಲನ್ನು ತೆರೆಯುವರು. ಬೆಳಕು ಹರಿಯುವುದಕ್ಕೆ ಮುಂಚೆ ಒಳಗಿನವರು ಬಾಗಿಲಿನ ಕಿಂಡಿಯಿಂದ ಒಂದು ಚಿಕ್ಕ ಏಣಿಯನ್ನು ಹೊರಗೆ ಚಾಚುವರು. ಹೊರಗಿನವನು ಅದರ ಮೇಲೆ ಹತ್ತಿ ಮೇಲಣ ಬೀಗವನ್ನು ತೆಗೆಯುವನು. ಇದನ್ನು ಕ್ರೈಸ್ತರಿಗೆ ಅವಮಾನವೆಂದು ಬಗೆಯುವವರುಂಟು. ವಿಚಾರಿಸಿದರೆ, ಕ್ರೈಸ್ತರು ತಮ್ಮ ಪರಮಪವಿತ್ರ ಸ್ಥಳಕ್ಕೆ ಪರದೇಶಿಗಳಾಗಿಯೇ ಬರುವಂತೆ ಇತಿಹಾಸವು ಮಾಡಿದ ಉಪಕಾರವಿದು. ೧೯೨೭ರ ಭೂಕಂಪದಿಂದ ಸಡಿಲಿದ ಸಮಾಧಿಮಂಟಪವನ್ನು ಬ್ರಿಟಿಷರು ೧೯೪೭ರಲ್ಲಿ ಕಬ್ಬಿಣದ ತೊಲೆಗಳಿಂದ ಬಿಗಿದರು. ಪಂಥಗಳೊಳಗೆ ಒಪ್ಪಂದವಾಗದೆ ಅದು ಹಾಗೆಯೇ ಎಪ್ಪತ್ತು ವರ್ಷ ನಿಂತಿದ್ದಿತು. ಕಡೆಗೆ ಮೂರು ಮುಖ್ಯ ಪಂಥಗಳು ಒಪ್ಪಿ, ಗ್ರೀಸಿನ ಶಿಲ್ಪಿಗಳಿಂದ ಜೀರ್ಣೋದ್ಧಾರ ಮಾಡಿಸಿ, ೨೦೧೭ರ ಮಾರ್ಚಿಯಲ್ಲಿ ತೊಲೆಗಳಿಲ್ಲದ ಮಂಟಪವನ್ನು ಜನರಿಗೆ ತೆರೆದುವು. ಒಡೆತನವು ಸ್ವಲ್ಪ ಸಡಿಲಿದರೆ ಕಲ್ಲು ಗಟ್ಟಿಯಾಗುವುದೆಂದು ಆಗ ತಿಳಿಯಿತು.

ಹೀಗೆ ಮೂರು ಆಕ್ಷೇಪಗಳಿಗೂ ಸಮಾಧಾನವಿದೆ. ಆದರೆ ಯಾತ್ರೆಯ ನಿಜವಾದ ಶತ್ರುವು ಈ ಆಕ್ಷೇಪಕರಲ್ಲ. ಅವರು ಕತ್ತಿಯಂತೆ ಎದುರಿನಿಂದ ಬರುವರು. ಗೆದ್ದಲಿನಂತೆ ಒಳಗಿನಿಂದ ತಿನ್ನುವುದು ಬೇರೊಂದು. ವಿಮಾನದಿಂದ ಇಳಿದು, ತಂಪುಗಾಳಿಯ ಬಸ್ಸನ್ನು ಹತ್ತಿ, ಎಂಟು ಹತ್ತು ದಿನಗಳಲ್ಲಿ ಎಲ್ಲ ಸ್ಥಳಗಳನ್ನೂ ಪಟ್ಟಿಯಂತೆ ಮುಗಿಸಿ, ಪ್ರತಿಯೊಂದರ ಮುಂದೆಯೂ ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುವ ಕ್ರಮವು ಎಲ್ಲ ದೇಶಗಳಲ್ಲಿಯೂ ರೂಢಿಯಾಗಿದೆ. ಕನ್ನಡನಾಡಿನ ಕ್ರೈಸ್ತರಲ್ಲಿಯೂ ಹೀಗೆ ಹೋಗಿಬರುವವರಿದ್ದಾರೆ. ವೃದ್ಧರೂ ರೋಗಿಗಳೂ ವಾಹನವನ್ನು ಹತ್ತುವುದನ್ನು ಯಾರೂ ಆಕ್ಷೇಪಿಸರು. ಆದರೆ ಹಣ ಕೊಟ್ಟವನು ಪರದೇಶಿಯಾಗಿರುವುದಿಲ್ಲ, ಗಿರಾಕಿಯಾಗಿರುತ್ತಾನೆ. ಗಿರಾಕಿಗೂ ಹಕ್ಕುಂಟು, ಅವಸರವುಂಟು, ದೂರುಂಟು. ಗ್ರೆಗೊರಿಯ ಗಾಡಿಯಲ್ಲಿ ಸಂಕೀರ್ತನೆಯೂ ಉಪವಾಸವೂ ಆದರೂ ಇದ್ದುವು.

ಬೇತ್ಲೆಹೇಮಿನಲ್ಲಿ ಇದರ ಕೆಡುಕು ಸ್ಪಷ್ಟವಾಗಿ ಕಾಣುವುದು. ಅದು ಯೆರೂಸಲೇಮಿನಿಂದ ಸುಮಾರು ೯ ಕಿಲೋಮೀಟರ್ ದೂರ; ನಡೆದರೆ ಎರಡು ಗಂಟೆಯ ದಾರಿ. ೨೦೦೨ರಿಂದೀಚೆಗೆ ಇಸ್ರೇಲ್ ಸರಕಾರವು ಕಟ್ಟಿದ ಎತ್ತರದ ಗೋಡೆಯು ಎರಡು ಊರುಗಳ ನಡುವೆ ನಿಂತಿದೆ. ಪರದೇಶದ ಯಾತ್ರಿಕರ ಬಸ್ಸು ಗೋಡೆಯ ಬಾಗಿಲನ್ನು ದಾಟಿ ಬರುವುದು. ಯಾತ್ರಿಕರು ನಾಲ್ಕಡಿಯ ಎತ್ತರದ ಆ ಪ್ರಸಿದ್ಧ ಬಾಗಿಲಿನಲ್ಲಿ ಬಗ್ಗಿ ಒಳಹೊಕ್ಕು, ಗುಹೆಯನ್ನು ನೋಡಿ, ಗಂಟೆಯೊಂದರಲ್ಲಿ ಬಸ್ಸನ್ನು ಸೇರಿ ಯೆರೂಸಲೇಮಿನ ವಸತಿಗೆ ಹಿಂದಿರುಗುವರು. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಅರಬ್ ಕ್ರೈಸ್ತನಾದರೋ ಈಸ್ಟರ್ ಹಬ್ಬಕ್ಕೆ ಯೆರೂಸಲೇಮಿನ ಸಮಾಧಿಯನ್ನು ನೋಡಬೇಕಾದರೆ ಸೇನೆಯ ಪರವಾನಗಿಗಾಗಿ ಅರ್ಜಿ ಹಾಕಬೇಕು. ದೊರೆತರೆ ದೊರೆಯಿತು, ಇಲ್ಲದಿದ್ದರೆ ಇಲ್ಲ. ಸಾವಿರಾರು ಮೈಲಿಗಳಿಂದ ಬಂದವನಿಗೆ ಬಾಗಿಲು ತೆರೆದಿದೆ. ಎರಡು ಗಂಟೆಯ ದಾರಿಯವನಿಗೆ ಮುಚ್ಚಿದೆ. ಬಸ್ಸಿನಲ್ಲಿ ಕುಳಿತವರಲ್ಲಿ ಎಷ್ಟು ಜನರು ಇದನ್ನು ವಿಚಾರಿಸಿದ್ದಾರೆ? ಯೇಸುವಿನ ಕಾಲದ ಕಲ್ಲುಗಳನ್ನು ಕಣ್ಣಿಗೊತ್ತಿಕೊಳ್ಳುವ ಇವರು, ಆ ಕಲ್ಲುಗಳ ನಡುವೆ ಹದಿನಾರು ಶತಮಾನಗಳಿಂದ ದೀಪವಾರದಂತೆ ನೋಡಿಕೊಂಡ ಜನರ ಮುಖವನ್ನು ನೋಡುವುದಿಲ್ಲ.

೨೦೨೦ರಲ್ಲಿ ಸಾಂಕ್ರಾಮಿಕ ರೋಗದಿಂದಲೂ, ೨೦೨೩ರ ಅಕ್ಟೋಬರದಿಂದ ಯುದ್ಧದಿಂದಲೂ ಯಾತ್ರಿಕರು ಬರುವುದು ನಿಂತಿತು. ೨೦೨೩ರ ಕ್ರಿಸ್ಮಸ್ಸಿನಲ್ಲಿ ಬೇತ್ಲೆಹೇಮಿನ ಚೌಕದಲ್ಲಿ ಅಲಂಕಾರವನ್ನು ಮಾಡಲಿಲ್ಲ, ಎಣ್ಣೆಮರದ ಕೆತ್ತನೆಯಿಂದ ಬದುಕುವವರ ಅಂಗಡಿಗಳು ಮುಚ್ಚಿದ್ದುವು, ವಸತಿಗೃಹಗಳು ಬರಿದಾಗಿದ್ದುವು, ಎಷ್ಟೋ ಕುಟುಂಬಗಳು ಹುಟ್ಟೂರನ್ನು ತೊರೆದು ಸಮುದ್ರದಾಚೆ ಹೋದುವು. ಆದರೂ ಗುಹೆಯಲ್ಲಿ ಪೂಜೆಯು ನಡೆಯಿತು, ಮಾಡಿದವರು ಅಲ್ಲಿಯವರೇ.

ಆದುದರಿಂದ ಯಾತ್ರೆಯ ಮುಂದಾಳುಗಳಿಗೆ ಕೇಳಬೇಕಾದುದು ಹೆಚ್ಚೇನೂ ಇಲ್ಲ. ಪಟ್ಟಿಯಿಂದ ನಾಲ್ಕು ಸ್ಥಳಗಳನ್ನು ತೆಗೆದುಹಾಕಲಿ. ಉಳಿದ ಹೊತ್ತಿನಲ್ಲಿ ಶಕ್ತರಾದವರು ಎಣ್ಣೆಮರಗಳ ಗುಡ್ಡದಿಂದ ಎಗೇರಿಯಾ ಇಳಿದಂತೆ ಮೆಲ್ಲಗೆ ಕಾಲ್ನಡೆಯಲ್ಲಿ ಇಳಿಯಲಿ. ಬೇತ್ಲೆಹೇಮಿಗೆ ಹೋದವರು ಗಂಟೆಯನ್ನು ನೋಡದೆ ಅಲ್ಲಿಯವರ ಮನೆಯಲ್ಲಿ ಉಣ್ಣಲಿ, ಅವರ ಭಾಷೆಯ ಆರಾಧನೆಯಲ್ಲಿ, ಅರ್ಥವಾಗದಿದ್ದರೂ, ಹಿಂದಿನ ಸಾಲಿನಲ್ಲಿ ನಿಲ್ಲಲಿ, ರಾತ್ರಿ ಅಲ್ಲಿಯೇ ತಂಗಲಿ. ಪೌಲಾ ಛತ್ರವನ್ನು ಕಟ್ಟಿಸಿದ ಊರದು. ಈಗ ಅಲ್ಲಿ ಕೋಣೆಗಳಿಗೆ ಕೊರತೆಯಿಲ್ಲ.